ಹದಿನೈದನೆಯ ಹೆಸರು

ಕೆಂಗೇರಿ ಉಪನಗರ
14 ಜುಲೈ 2024, ಭಾನುವಾರ

ಅಪ್ಪಾಜಿಗೆ,

ಫೋನಿನಲ್ಲಿ ನೀವು ಕೂಗುತ್ತೀರಿ, ಆಮೇಲೆ ನಾನೂ ಕೂಗುತ್ತೇನೆ, ಕೊನೆಗೆ ಅಮ್ಮ ಫೋನು ಕಿತ್ತುಕೊಂಡು "ಇಬ್ರೂ ಬಾಯಿ ಮುಚ್ಚಿ, ಬೇಕಾದ್ರೆ ಕಾಗದ ಬರ್ಕೊಳ್ಳಿ" ಎನ್ನುತ್ತಾಳೆ. ಸರಿ, ಬರೆಯುತ್ತಿದ್ದೇನೆ. ಅಮ್ಮ ಇವತ್ತು ಇಲ್ಲೇ ಇದ್ದಾಳೆ, ಸಂಜೆ ರಾಜಾಜಿನಗರಕ್ಕೆ ಅವಳೇ ಒಯ್ಯುತ್ತಾಳೆ.

ಶುಕ್ರವಾರ ಮೂರನೆಯ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ನನ್ನ ಮೇಜಿನ ಮೇಲೆ ನೋಟಿಸ್. "ಭಕ್ತರ ಭಾವನೆಗಳಿಗೆ ಧಕ್ಕೆ ತರುವಂತೆ ಪಾಠ ಮಾಡಿರುವ ಬಗ್ಗೆ ಲಿಖಿತ ಕ್ಷಮಾಪಣೆ ಸಲ್ಲಿಸತಕ್ಕದ್ದು." ಕೆಳಗೆ ವಿದ್ಯಾಸಂಸ್ಥೆಯ ಜಂಟಿ ಕಾರ್ಯದರ್ಶಿಯ ಸಹಿ. ನಿಮ್ಮದು. ಹತ್ತು ವರ್ಷ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಬಿದ್ದ ಅದೇ ಸಹಿ, ಕೊನೆಯಲ್ಲಿ ಬಾಲ ಎಡಕ್ಕೆ ತಿರುಗಿದ್ದು. ಸಹಿ ಹಾಕುವ ಮುಂಚೆ ಒಂದು ಸಲ ಕೇಳಬಹುದಿತ್ತಲ್ಲ, "ಏನಮ್ಮ ಆಯ್ತು?" ಅಂತ. ದೂರು ಕೊಟ್ಟ ಯಾರದೋ ತಂದೆಯ ಮಾತು ಕೇಳಿಸಿತು, ನನ್ನದು ಕೇಳಬೇಕು ಅನ್ನಿಸಲಿಲ್ಲ.

ಈಗಲಾದರೂ ಕೇಳಿ. ಹತ್ತನೆಯ ತರಗತಿಯ ಈಗಿನ ಪುಸ್ತಕದಲ್ಲಿ ಅನುವಂಶೀಯತೆ ಇದೆ, ವಿಕಾಸ ಇಲ್ಲ. ಅಪ್ಪನ ಮೂಗು ಮಗಳಿಗೆ ಬಂತು ಎನ್ನುವಲ್ಲಿಗೆ ಪಾಠ ನಿಲ್ಲುತ್ತದೆ. ಅಪ್ಪನಿಗೆ ಎಲ್ಲಿಂದ ಬಂತು, ಅವರಪ್ಪನಿಗೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಮ್ಮ ಹೆಳವರ ದುರುಗಪ್ಪನವರ ಉದಾಹರಣೆ ಕೊಟ್ಟೆ. ಅವರು ಪ್ರತಿ ಜನವರಿಯಲ್ಲಿ ಊರ ಕಡೆಯಿಂದ ಬರುವುದು, ನಮ್ಮ ವಂಶದ ಪುಸ್ತಕ ಬಿಚ್ಚಿ ನಿಮ್ಮಿಂದ ಹಿಂದಕ್ಕೆ ಹದಿನಾಲ್ಕು ಹೆಸರು ಹಾಡುವುದು, ಮೊದಲನೆಯ ಹೆಸರು ಮಲ್ಲಪ್ಪ ಬಂದ ಕೂಡಲೇ "ಆ ಮಲ್ಲಪ್ಪನು ಶಿವನ ಅಂಗೈಯಿಂದ ಹುಟ್ಟಿದನು" ಎಂದು ಗಂಟೆ ಬಾರಿಸುವುದು, ಎಲ್ಲ ಹೇಳಿದೆ. ಆಮೇಲೆ, "ಹೆಳವರು ಹದಿನಾಲ್ಕು ತಲೆಮಾರು ಹೇಳಿ ಅಲ್ಲಿಂದ ಒಂದೇ ಜಿಗಿತಕ್ಕೆ ಕೈಲಾಸಕ್ಕೆ ಹೋಗ್ತಾರೆ, ಆ ಜಿಗಿತದ ನಡುವೆ ಇದ್ದೋರನ್ನ ಹುಡುಕೋದು ಜೀವವಿಜ್ಞಾನದ ಕೆಲ್ಸ" ಎಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಇಷ್ಟೇ.

ಇದು ಮನೆಗಳಿಗೆ ಹೋಗುವ ಹೊತ್ತಿಗೆ "ಟೀಚರ್ ಹೆಳವರನ್ನು ಸುಳ್ಳುಗಾರರು ಎಂದಳು, ನಮ್ಮ ಹಿರಿಯರನ್ನು ಕೋತಿಗಳು ಎಂದಳು" ಎಂದಾಗಿದೆ. ನಾನು ಕ್ಷಮಾಪಣೆ ಬರೆಯುವುದಿಲ್ಲ. ನೋಟಿಸ್ ವಾಪಸ್ ತೆಗೆದುಕೊಳ್ಳಿ.

ನಿಮ್ಮ ಮಗಳು,
ಸೌಮ್ಯಶ್ರೀ


ರಾಜಾಜಿನಗರ
21 ಜುಲೈ 2024

ಚಿ. ಸೌಮ್ಯಶ್ರೀಗೆ ತಂದೆಯ ಆಶೀರ್ವಾದ.

ನಿನ್ನ ಪತ್ರ ಎರಡು ಸಲ ಓದಿದೆ. ಒಂದು ಸಲ ತಂದೆಯಾಗಿ, ಇನ್ನೊಂದು ಸಲ ಸಂಸ್ಥೆಯವನಾಗಿ. ಎರಡು ಸಲವೂ ಸಿಟ್ಟೇ ಬಂತು.

ಮೊದಲನೆಯದು. ಕಮಿಟಿಯಲ್ಲಿ ಏಳು ಜನ. ಅಧ್ಯಕ್ಷರಾದ ರುದ್ರಮುನಿಯವರು ದೂರನ್ನು ಓದಿ ಮುಗಿಸಿದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮಗಳು ಎಂದು ಸಹಿ ಹಾಕದೆ ಕೂತಿದ್ದರೆ ನಾಳೆ ಯಾವ ಮುಖ ಇಟ್ಟುಕೊಂಡು ಬೇರೆಯವರ ನೋಟಿಸಿಗೆ ಸಹಿ ಹಾಕಲಿ? ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಇದ್ದವನು ನಾನು. ಸ್ವಂತ ಷಡ್ಡಕನ ಜಮೀನನ್ನೂ ಇದ್ದದ್ದು ಇದ್ದಂತೆ ಅಳೆದವನು.

ಎರಡನೆಯದು. ದುರುಗಪ್ಪ ನಮ್ಮ ಮನೆಯ ಜಗುಲಿಯಲ್ಲಿ ಹಾಡಿದ್ದನ್ನು ತರಗತಿಯಲ್ಲಿ ನಗೆಗೆ ಬಳಸಿಕೊಂಡೆಯಲ್ಲ, ನನಗೆ ಅದರಿಂದ ಕೋತಿಯ ಮಾತಿಗಿಂತ ಹೆಚ್ಚು ನೋವಾಯಿತು. ದೇವರು ಮನುಷ್ಯನನ್ನು ಸೃಷ್ಟಿಸಿದ ಎಂದ ಮೇಲೆ ಸೃಷ್ಟಿಸಿದ. ಕೋಟಿ ವರ್ಷ ತಡವರಿಸಿಕೊಂಡು, ಒಂದು ಮಾಡಿ ಕೆಡಿಸಿ ಇನ್ನೊಂದು ಮಾಡಿ, ಕೊನೆಗೆ ಹೇಗೋ ನಮ್ಮನ್ನು ಮಾಡಿ ಮುಗಿಸುವವನು ದೇವರಾಗುತ್ತಾನೆಯೇ? ನಮ್ಮ ಇಲಾಖೆಯ ನೌಕರನಾಗುತ್ತಾನೆ.

ಮೂರನೆಯದು ಮುಖ್ಯ. ನೀನು ಒಂಬತ್ತು ವರ್ಷದಿಂದ ತಾತ್ಕಾಲಿಕ ಶಿಕ್ಷಕಿ. ಪ್ರತಿ ಏಪ್ರಿಲ್‌ನಲ್ಲಿ ಹೊಸ ಆರ್ಡರ್ ಬರುವವರೆಗೆ ನಿನ್ನ ತಾಯಿ ದೇವರ ಮುಂದೆ ಕೂತಿರುತ್ತಾಳೆ. ಸೆಪ್ಟೆಂಬರ್‌ನಲ್ಲಿ ಖಾಯಂ ಪಟ್ಟಿ ಆಗುತ್ತದೆ, ನಿನ್ನ ಹೆಸರು ಎರಡನೆಯದು. ಕ್ಷಮಾಪಣೆ ಇಲ್ಲದಿದ್ದರೆ ಹೆಸರು ಇಲ್ಲ. ಎರಡೇ ಸಾಲು ಬರೆ. ಯಾರ ಗಂಟೂ ಹೋಗುವುದಿಲ್ಲ.

ಮಳೆ ಶುರುವಾಗಿದೆ, ಸ್ಕೂಟರಿನಲ್ಲಿ ಹೋಗಬೇಡ.

ನಿನ್ನ ತಂದೆ,
ಜಂಬಣ್ಣ


ಕೆಂಗೇರಿ ಉಪನಗರ
4 ಆಗಸ್ಟ್ 2024

ಅಪ್ಪಾಜಿಗೆ,

ಇವರೂ ನಿಮ್ಮ ಪಕ್ಷ. "ಎರಡು ಸಾಲು ಬರೆದು ಬಿಸಾಕಿ ಬಾರೇ" ಎಂದು ಉದಯ್ ದಿನಾ ಕಾಫಿ ಕುಡಿಯುವಾಗ ಹೇಳುತ್ತಾರೆ. ಎರಡು ಸಾಲು ಎಂದು ಎಲ್ಲರೂ ಹೇಳುತ್ತೀರಿ, ಆ ಸಾಲಿನಲ್ಲಿ ಏನು ಬರೆಯಬೇಕೆಂದು ಯಾರೂ ಹೇಳುವುದಿಲ್ಲ.

ನಾನು ದೇವರಿಲ್ಲ ಎಂದೆನೇ? ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ನೀವು ಕಲಿಸಿದಂತೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುತ್ತೇನೆ. ಒಂಬತ್ತೂವರೆಗೆ ಬೋರ್ಡಿನ ಮೇಲೆ ತಿಮಿಂಗಿಲದ ಮೈಯೊಳಗೆ ಉಳಿದುಕೊಂಡ ಕಾಲಿನ ಮೂಳೆ ಬರೆಯುತ್ತೇನೆ. ಎರಡೂ ಮಾಡುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ದಿನವೂ ಅನ್ನಿಸಿಲ್ಲ. ಎರಡೂ ಹೇಗೆ ಹೊಂದುತ್ತವೆ ಎಂದು ಕೇಳಿದರೆ ನನಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಟ್ಟುಕೊಂಡು ಬದುಕಲು ನನಗೇನೂ ತೊಂದರೆಯಿಲ್ಲ, ನಿಮಗೆಲ್ಲ ಯಾಕೆ ತೊಂದರೆ?

ತಡವರಿಸುವ ದೇವರು ನಿಮಗೆ ಬೇಡ. ಅಮ್ಮ ಜೋಳದ ರೊಟ್ಟಿಯನ್ನು ಒಂದೇ ಏಟಿಗೆ ಮಾಡುತ್ತಾಳಾ? ತಟ್ಟಿ ತಟ್ಟಿ, ತಿರುಗಿಸಿ ತಿರುಗಿಸಿ ಮಾಡುತ್ತಾಳೆ. ಹೊತ್ತು ಹಿಡಿಯಿತು ಎಂದು ಅವಳಿಗೆ ರೊಟ್ಟಿ ಬರುವುದಿಲ್ಲ ಎನ್ನುತ್ತೀರಾ?

ದೂರಿನಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ. ಅವತ್ತು ಪಾಠ ಮುಗಿದ ಮೇಲೆ ಮೂಡಲಪಾಳ್ಯದಿಂದ ಬರುವ ರಕ್ಷಾ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಹಾಗಾದ್ರೆ ಅಷ್ಟ್ ಕೋಟಿ ವರ್ಷ ಶಿವ ಏನ್ ಮಾಡ್ತಿದ್ದ?" ಎಂದಳು. ತಮಾಷೆಗಲ್ಲ, ನಿಜವಾಗಿ ಕೇಳಿದಳು. ನಾನು "ಗೊತ್ತಿಲ್ಲ ಕಣೇ" ಎಂದೆ. ಬರೆದುಕೊಳ್ಳುತ್ತಿದ್ದವರೆಲ್ಲ ತಲೆಯೆತ್ತಿ ನನ್ನನ್ನೇ ನೋಡಿದರು. ಆ ಮಕ್ಕಳು ಟೀಚರ ಬಾಯಲ್ಲಿ ಆ ಮಾತನ್ನು ಮುಂಚೆ ಕೇಳಿರಲಿಲ್ಲ ಎಂದು ಕಾಣುತ್ತದೆ. ನನ್ನ ಒಂಬತ್ತು ವರ್ಷದಲ್ಲಿ ಅದು ನಾನು ಮಾಡಿದ ಒಳ್ಳೆಯ ಪಾಠ, ಅಪ್ಪಾಜಿ. ಅದಕ್ಕೆ ಕ್ಷಮೆ ಕೇಳು ಎನ್ನುತ್ತಿದ್ದೀರಿ.

ಬರೆಯುವುದಿಲ್ಲ. ಖಾಯಂ ಆಗದಿದ್ದರೆ ಬೇಡ.

ಸೌಮ್ಯಶ್ರೀ


ಕೆಂಗೇರಿ ಉಪನಗರ
29 ಸೆಪ್ಟೆಂಬರ್ 2024

ಅಪ್ಪಾಜಿ,

ನಿನ್ನೆ ಖಾಯಂ ಆರ್ಡರ್ ಕೊಟ್ಟರು. ನೀವು ಹೇಗೋ ಮಾತನಾಡಿ ಸರಿ ಮಾಡಿದಿರಿ ಎಂದುಕೊಂಡು ಒಂದು ಗಂಟೆ ಹೊತ್ತು ಸಂತೋಷವಾಗಿದ್ದೆ. ಉದಯ್‌ಗೆ ಮೆಸೇಜ್ ಹಾಕಿದೆ, ಸ್ಟಾಫಿಗೆಲ್ಲ ಮೈಸೂರು ಪಾಕು ತರಿಸಿದೆ. ಆಗ ಹೆಡ್‌ಮಿಸ್ ಅಂಜನಮ್ಮನವರು ಕೈ ಕುಲುಕಿ, "ನಿಮ್ ಅಪಾಲಜಿ ಲೆಟರ್ ತುಂಬಾ ಚೆನ್ನಾಗಿತ್ತು ಕಣ್ರೀ, ಎಷ್ಟು ವಿನಯ" ಎಂದರು.

ನನ್ನ ಕೈಯಲ್ಲಿದ್ದ ಸಿಹಿ ಹಾಗೇ ಉಳಿಯಿತು. ಫೈಲು ತರಿಸಿ ನೋಡಿದೆ. ಸೌಮ್ಯಶ್ರೀ ಜೆ. ಎಂಬ ನಾನು ಬರೆದುಕೊಟ್ಟಿದ್ದೇನಂತೆ: "ಪರಮಾತ್ಮನು ಮನುಷ್ಯನನ್ನು ಈಗಿರುವ ರೂಪದಲ್ಲಿಯೇ ಸೃಷ್ಟಿಸಿದನೆಂದು ನಾನು ನಂಬಿರುತ್ತೇನೆ. ತಿಳಿವಳಿಕೆಯಿಲ್ಲದೆ ತಪ್ಪು ಪಾಠ ಮಾಡಿರುತ್ತೇನೆ." ಕೆಳಗೆ ನನ್ನ ಸಹಿ. ಅದರ ಕೊನೆಯಲ್ಲಿ ಬಾಲ, ಎಡಕ್ಕೆ ತಿರುಗಿದ್ದು.

ಮೂವತ್ತನಾಲ್ಕು ವರ್ಷ ಇದ್ದದ್ದು ಇದ್ದಂತೆ ಅಳೆದವರಲ್ಲವೇ ನೀವು?

ಸೌಮ್ಯಶ್ರೀ


ರಾಜಾಜಿನಗರ
6 ಅಕ್ಟೋಬರ್ 2024

ಚಿ. ಸೌಮ್ಯಶ್ರೀಗೆ,

ಹೌದು, ನಾನೇ ಬರೆದೆ. ಕದ್ದು ಮುಚ್ಚಿ ಏನಲ್ಲ, ಹಗಲು ಹೊತ್ತಿನಲ್ಲಿ ನಮ್ಮ ಊಟದ ಮೇಜಿನ ಮೇಲೆ ಕೂತು ಬರೆದೆ. ನಿನ್ನ ತಾಯಿ "ಬ್ಯಾಡ್ರೀ, ಅವ್ಳು ಸುಮ್ನಿರಲ್ಲ" ಎಂದಳು. ನಾನೇ ಕೇಳಲಿಲ್ಲ.

ಪಿಯುಸಿಯಲ್ಲಿ ನಿನಗೆ ಟೈಫಾಯ್ಡ್ ಆದಾಗ ರಜೆ ಅರ್ಜಿಗೆ ನಿನ್ನ ಸಹಿ ಹಾಕಿದವನು ನಾನು. ಬಿಎಡ್ ಅರ್ಜಿ ತುಂಬಿದವನು ನಾನು. ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ನಿನ್ನ ಬೆರಳು ಹಿಡಿದು ಮೊದಲು ಓಂ ಬರೆಸಿ, ಅದರ ಕೆಳಗೆ ನಿನ್ನ ಹೆಸರು ಬರೆಸಿದವನೂ ನಾನೇ. ಆ ಹೆಸರು ಬರೆಯಲು ನನಗೆ ಇವತ್ತು ಹಕ್ಕಿಲ್ಲವೇ? ನಿನಗೆ ಸರಿ ಎನ್ನಿಸಿಕೊಳ್ಳಬೇಕು, ನನಗೆ ನಿನ್ನ ಕೆಲಸ ಉಳಿಯಬೇಕು. ಇರುವವಳು ಒಬ್ಬಳೇ ಮಗಳು. ತಂದೆಯಾದವನು ಮಾಡಿದ್ದನ್ನು ಪೊಲೀಸ್ ಕೇಸಿನ ಥರ ಬರೆದಿದ್ದೀಯ.

ಆರ್ಡರ್ ಬಂತಲ್ಲ. ಮಾತು ಇಲ್ಲಿಗೆ ಬಿಡು.

ಜಂಬಣ್ಣ


ಕೆಂಗೇರಿ ಉಪನಗರ
20 ಅಕ್ಟೋಬರ್ 2024

ಅಪ್ಪಾಜಿ,

ಬಿಡಲು ಆಗುತ್ತಿಲ್ಲ. ಅಂಜನಮ್ಮನವರು ಆ ಕ್ಷಮಾಪಣೆಯನ್ನು ಪೋಷಕರ ಸಭೆಯಲ್ಲಿ ಮೈಕಿನಲ್ಲಿ ಓದಿಸಿದರು. ನಾನು ಮೊದಲ ಸಾಲಿನಲ್ಲಿ ಕೂತು ನಾನು ಬರೆಯದ ಕಾಗದವನ್ನು ಕೇಳಿಸಿಕೊಂಡೆ. ಚಪ್ಪಾಳೆ ಬೇರೆ.

ಮಾರನೆಯ ದಿನ ರಕ್ಷಾ ಪುಸ್ತಕ ತಿದ್ದಿಸಿಕೊಳ್ಳುವ ನೆಪದಲ್ಲಿ ಬಂದು ಮೆಲ್ಲಗೆ ಕೇಳಿದಳು: "ಮಿಸ್, ಅವತ್ ನೀವ್ ಹೇಳಿದ್ದು ಸುಳ್ಳಾ?"

ಏನು ಹೇಳಲಿ? ಪಾಠ ನಿಜ ಎಂದರೆ ಕಾಗದ ಸುಳ್ಳಾಗುತ್ತದೆ. ಕಾಗದ ಯಾರು ಬರೆದರು ಎಂದು ಕೇಳುತ್ತಾರೆ, ನಿಮ್ಮ ಹೆಸರು ಹೊರಗೆ ಬರುತ್ತದೆ. ಸುಮ್ಮನಿದ್ದರೆ ಆ ಹುಡುಗಿಗೆ ನಾನು ಕೆಲಸಕ್ಕಾಗಿ ಮಾತು ತಿರುಗಿಸುವ ಹೆಂಗಸು. ಸುಮ್ಮನಿದ್ದೆ. ಅವಳು "ಸರಿ ಮಿಸ್" ಎಂದು ಪುಸ್ತಕ ಎತ್ತಿಕೊಂಡು ಹೋದಳು. ಅಂದಿನಿಂದ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿಲ್ಲ.

ನನ್ನ ಬಾಯಿಗೆ ನಿಮ್ಮ ಮರ್ಯಾದೆಯನ್ನೇ ತುರುಕಿ ಹೋಗಿದ್ದೀರಿ. ಎಷ್ಟು ಸಿಟ್ಟು ಬಂದಿದೆ ಎಂದರೆ ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿಯನ್ನೂ ಮುಟ್ಟಿಲ್ಲ. ದೀಪಾವಳಿಗೆ ಬರುವುದಿಲ್ಲ. ಇನ್ನು ಬರೆಯುವುದೂ ಇಲ್ಲ.

ಸೌಮ್ಯಶ್ರೀ


ರಾಜಾಜಿನಗರ
19 ಜನವರಿ 2025

ಚಿ. ಸೌಮ್ಯಶ್ರೀಗೆ,

ಮೂರು ತಿಂಗಳಾಯಿತು. ನೀನು ಬರೆಯುವುದಿಲ್ಲ ಎಂದೆ, ಬರೆಯಲಿಲ್ಲ. ನನ್ನ ಮೂಗು ಬಂದಷ್ಟೇ ಚೆನ್ನಾಗಿ ನನ್ನ ಹಟವೂ ನಿನಗೆ ಬಂದಿದೆ. ಇದನ್ನು ಪೂರ್ತಿ ಓದು, ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಹೋದ ಭಾನುವಾರ ದುರುಗಪ್ಪ ಬಂದಿದ್ದ. ಅವನ ತಾತ ಎತ್ತಿನ ಮೇಲೆ ಬರುತ್ತಿದ್ದನಂತೆ, ಇವನು ದಾವಣಗೆರೆ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಿಂದ ಆಟೋ ಹಿಡಿದಿದ್ದ. ಜಗುಲಿಯಲ್ಲಿ ಕಂಬಳಿ ಹಾಸಿ ಪುಸ್ತಕ ಬಿಚ್ಚಿ ಹಾಡಿದ. ಎದುರು ಮನೆಯವರೂ ಬಾಗಿಲಿಗೆ ಬಂದು ನಿಂತರು. ಮಲ್ಲಪ್ಪ ಬಂದ, ಶಿವನ ಅಂಗೈ ಬಂತು, ಗಂಟೆ ಬಾರಿಸಿದ. ಪ್ರತಿ ವರ್ಷ ಆ ಗಂಟೆ ಕೇಳಿದರೆ ನನಗೆ ಕಣ್ಣು ತುಂಬುತ್ತದೆ. ಈ ಸಲ ನಿನ್ನ ಹಾಳು ಜಿಗಿತವೇ ತಲೆಯಲ್ಲಿ ಕೊರೆಯುತ್ತಿತ್ತು. ಅಕ್ಕಿ, ಬೇಳೆ, ಪಂಚೆ ಕೊಟ್ಟಾದ ಮೇಲೆ ಕೇಳಿಯೇ ಬಿಟ್ಟೆ: "ದುರುಗಪ್ಪ, ಮಲ್ಲಪ್ಪನಿಗೂ ಶಿವನಿಗೂ ನಡುವೆ ಯಾರೂ ಇರಲಿಲ್ಲವೇನಯ್ಯ?"

ಬಯ್ಯುತ್ತಾನೆ ಅಂದುಕೊಂಡೆ. ಅವನು ಎಲೆ ಅಡಿಕೆ ಮಡಿಸುತ್ತ ಆರಾಮಾಗಿ ಹೇಳಿದ:

"ಇದ್ರು ಬಿಡ್ರಿ ಯಜಮಾನ್ರೇ, ಇಲ್ದೆ ಎಲ್ಲಿ ಹೋಗ್ತಾರೆ? ನಮ್ಮ ಮುತ್ತಾತನ ಕಾಲಕ್ಕೆ ಪುಸ್ತಕಕ್ಕೆ ಗೆದ್ಲು ಹತ್ತಿತ್ತು. ಮೊದಲಿನ ಹಾಳಿ ಎಲ್ಲಾ ಮಣ್ಣು. ಓದಾಕೆ ಸಿಕ್ಕಿದ್ದು ಮಲ್ಲಪ್ಪನಿಂದ ಈಚೆಗೆ. ಅವ್ನಿಗೆ ಅಪ್ಪ ಯಾರು ಅಂತ ಬರೀಬೇಕು? ಅಪ್ಪ ಇಲ್ಲ ಅಂತ ಬರಿಯಾಕಾಗ್ತದಾ? ತಬ್ಬಲಿ ಮಾಡ್ಬಾರ್ದು ಅಂತ ಶಿವನ ಕೈಗೆ ಕೊಟ್ಟ."

"ಹಾಗಾದ್ರೆ ನಡುವೆ ಎಷ್ಟ್ ಜನ ಇದ್ರು?"

"ಗೆದ್ಲನ್ನೇ ಕೇಳ್ಬೇಕ್ರೀ."

ನಿನ್ನ ತಾಯಿ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ನಮ್ಮ ಇಲಾಖೆಯಲ್ಲಿ ಒಂದು ನಿಯಮವಿತ್ತು. ಗಡಿಕಲ್ಲು ಸಿಕ್ಕ ಕಡೆ ನಕ್ಷೆಯಲ್ಲಿ ಗಟ್ಟಿ ಗೆರೆ, ಕಲ್ಲು ಸಿಗದ ಕಡೆ ಚುಕ್ಕೆ ಗೆರೆ. ಸಿಗದ ಕಡೆ ಗಟ್ಟಿ ಗೆರೆ ಎಳೆದ ಒಬ್ಬ ಸರ್ವೇಯರನನ್ನು ನಾನೇ ವರದಿ ಬರೆದು ಸಸ್ಪೆಂಡ್ ಮಾಡಿಸಿದ್ದೇನೆ. ದುರುಗಪ್ಪನ ಮುತ್ತಾತ ಪ್ರೀತಿಯಿಂದ ಗಟ್ಟಿ ಗೆರೆ ಎಳೆದ. ನಾನೂ ಪ್ರೀತಿಯಿಂದಲೇ ಎಳೆದೆ, ನಿನ್ನ ಹೆಸರಿನ ಮೇಲೆ. ಅವನಾದರೂ ಕೇಳಿದ ಕೂಡಲೇ ಗೆದ್ದಲು ಎಂದು ಒಪ್ಪಿಕೊಂಡ. ನಾನು ನಿನಗೆ ಟೈಫಾಯ್ಡ್ ಕಥೆ ಹೇಳಿದೆ.

ನಿನ್ನೆ ಕಮಿಟಿ ಸಭೆಯಿತ್ತು. ಕ್ಷಮಾಪಣೆ ಬರೆದು ಸಹಿ ಹಾಕಿದ್ದು ನಾನು, ನನ್ನ ಮಗಳಿಗೆ ಗೊತ್ತೇ ಇರಲಿಲ್ಲ ಎಂದು ಎದ್ದು ನಿಂತು ಹೇಳಿದೆ. ರಾಜೀನಾಮೆ ಮೇಜಿನ ಮೇಲೆ ಇಟ್ಟೆ. ರುದ್ರಮುನಿಯವರು ಅದನ್ನು ಪಕ್ಕಕ್ಕೆ ಸರಿಸಿ, "ಆಕೆ ಆರ್ಡರ್ ರದ್ದಾಗುತ್ತೆ ಜಂಬಣ್ಣೋರೇ, ಗೊತ್ತು ತಾನೆ? ಮಾರ್ಚ್ ಮೇಲೆ ತಾತ್ಕಾಲಿಕವೂ ಇರಲ್ಲ" ಎಂದರು. ಗೊತ್ತು ಎಂದೆ. ಆಮೇಲೆ ಅವರು ಸ್ವಲ್ಪ ವ್ಯಂಗ್ಯವಾಗಿಯೇ ಕೇಳಿದರು: "ನೀವೂ ಮಗಳ ಪಾರ್ಟಿ ಸೇರ್ಕೊಂಡ್ರಿ. ಹಂಗಾದ್ರೆ ನೀವೇ ಹೇಳಿ, ಅಷ್ಟ್ ಕೋಟಿ ವರ್ಷ ನಮ್ ಶಿವ ಏನ್ ಮಾಡ್ತಿದ್ದ?"

ಎಲ್ಲರೂ ನಕ್ಕರು. ಕಚೇರಿಯಲ್ಲಿ ಸಾಹೇಬರು ಏನೇ ಕೇಳಿದರೂ ನಾನು ಒಂದು ಉತ್ತರ ಕೊಡುತ್ತಿದ್ದವನು. ನಿನ್ನೆ ಮೊದಲ ಸಲ "ಗೊತ್ತಿಲ್ಲ" ಎಂದೆ. ಹೇಳಲು ಬಹಳ ಕಷ್ಟವಾಯಿತು ಮಗಳೇ. ಹೇಳಿದ ಮೇಲೆ ಮನೆಗೆ ಬಂದು ಕೈಕಾಲು ತೊಳೆದು ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ ಎಂದಿನಂತೆಯೇ ಇತ್ತು.

ನಿನ್ನ ಕೋತಿಯ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ನೋಟಿಸಿಗೆ ಸಹಿ ಹಾಕಿ ನಿನ್ನ ಕೆಲಸಕ್ಕೆ ಕುತ್ತು ತಂದವನೂ ನಾನೇ, ನಿನ್ನೆ ಅದನ್ನು ಕಳೆದವನೂ ನಾನೇ, ಅದನ್ನೂ ಸ್ಪಷ್ಟವಾಗಿ ಹೇಳುತ್ತೇನೆ.

ಇನ್ನೊಂದು ವಿಷಯ. ಮಲ್ಲಪ್ಪನಿಂದ ಎಣಿಸಿದರೆ ನಾನು ಹದಿನಾಲ್ಕನೆಯವನು. ನನ್ನ ಕೆಳಗೆ ಖಾಲಿ. "ಹೆಣ್ಮಕ್ಕಳ ಹೆಸರು ಬರಿಯಲ್ರೀ, ವಂಶ ಇಲ್ಲಿಗೆ ನಿಂತಂಗೆ" ಎಂದ ದುರುಗಪ್ಪ. ಬರಿ ಎಂದೆ. ಗೊಣಗಿಕೊಂಡು ಒಪ್ಪಿ, ನನ್ನ ಕೈಗೇ ಪೆನ್ನು ಕೊಟ್ಟ. ನಾನು ಬರೆಯಲಿಲ್ಲ. ಒಂದು ಸಾಲು ಜಾಗ ಬಿಡಿಸಿ ಕಳಿಸಿದ್ದೇನೆ. ಮುಂದಿನ ಜನವರಿಗೆ ಬರುತ್ತಾನೆ.

ನಿನ್ನ ತಂದೆ,
ಜಂಬಣ್ಣ


ಕೆಂಗೇರಿ ಉಪನಗರ
9 ಫೆಬ್ರವರಿ 2025

ಅಪ್ಪಾಜಿಗೆ,

ರದ್ದಾದ ಆರ್ಡರ್ ಸೋಮವಾರ ಕೈಗೆ ಬಂತು. ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಹತ್ತಿರ ಕೂರುತ್ತಿಲ್ಲ. ಕೆಂಗೇರಿಯ ಎರಡು ಶಾಲೆಗಳಿಗೆ ಅರ್ಜಿ ಹಾಕಿದ್ದೇನೆ. ಒಬ್ಬರು ಸಂದರ್ಶನದಲ್ಲಿ "ಹಿಂದಿನ ಶಾಲೆ ಯಾಕೆ ಬಿಡ್ತಿದೀರಿ?" ಎಂದರು. ಹೇಳಿದೆ. ತಿಳಿಸುತ್ತೇವೆ ಎಂದರು. ಉದಯ್ ಬಯ್ಯುವುದನ್ನೂ ನಿಲ್ಲಿಸಿದ್ದಾರೆ, ಅದು ಇನ್ನೂ ಕಷ್ಟ. ಹೀಗೆ ಆಗುವುದು ಬೇಡ ಎಂದೇ ನೀವು ಅದನ್ನೆಲ್ಲ ಮಾಡಿದಿರಿ ಎಂದು ಗೊತ್ತು. ಆದರೂ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ನಿಮ್ಮ ಕ್ಷಮಾಪಣೆಯಂತೆಯೇ ಆಗುತ್ತದೆ.

ಹತ್ತನೆಯ ಬಿ ಸೆಕ್ಷನ್ನಿಗೆ, ಆ ಕಾಗದ ನಾನು ಬರೆದದ್ದಲ್ಲ, ಅವತ್ತಿನ ಪಾಠ ನಿಜ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ರಕ್ಷಾಳ ಕೈ ಮೇಲೆದ್ದಿತು. "ಮತ್ತೆ ಯಾರ್ ಬರೆದ್ರು ಮಿಸ್?" ಆ ಒಂದು ಪ್ರಶ್ನೆಗೆ ಮಾತ್ರ ಗೊತ್ತಿದ್ದೂ ಹೇಳಲಿಲ್ಲ. ಅವಳು ಬಿಡಲಿಲ್ಲ, ಬೆಲ್ ಆಗುವವರೆಗೆ ಇನ್ನೂ ಐದಾರು ಕೇಳಿದಳು. ಎರಡಕ್ಕೆ ಉತ್ತರ ಗೊತ್ತಿತ್ತು.

ದುರುಗಪ್ಪನವರು ಬರುವ ದಿನ ಮುಂಚೆಯೇ ತಿಳಿಸಿ. ಆ ಸಾಲಿಗೆ ಹೆಸರು ನಾನೇ ಬರೆಯುತ್ತೇನೆ. ನೀವು ಪಕ್ಕದಲ್ಲಿ ಕೂತಿರಿ, ಅಪ್ಪಾಜಿ. ಕೈ ಮಾತ್ರ ಹಿಡಿಯಬೇಡಿ.

ನಿಮ್ಮ ಮಗಳು,
ಸೌಮ್ಯಶ್ರೀ